ಕಿವಿಯೊಳಗಿನ ಸುತ್ತಿಗೆ ಮತ್ತು ಅಡಿಗಲ್ಲು

ಐಚ್ಛಿಕ ಕನ್ನಡವನ್ನು ತೆಗೆದುಕೊಂಡಿರುವ ನಾವು ಕಳೆದ ವರ್ಷ ಧ್ವನಿವಿಜ್ಞಾನದ ಪಾಠಗಳನ್ನು ಕೇಳಿದೆವು. ಬಾಯಿಯ ಸೀಳುಚಿತ್ರವನ್ನು ಬರೆದು, ತುಟಿ, ಹಲ್ಲು, ಅಂಗುಳು, ಕಿರುನಾಲಗೆಗಳಿಗೆ ಗುರುತು ಹಾಕಿ, ಯಾವ ಅಕ್ಷರ ಎಲ್ಲಿ ಹುಟ್ಟುತ್ತದೆಂಬುದನ್ನು ಕಂಠಪಾಠ ಮಾಡಿದೆವು. ಪರೀಕ್ಷೆಯಲ್ಲಿಯೂ ಅದೇ ಪ್ರಶ್ನೆ ಬಂತು, ಎಲ್ಲರೂ ಬರೆದೆವು. ಆದರೆ ಬಾಯಿಯಿಂದ ಹೊರಟ ಮಾತು ಹೋಗಿ ಸೇರಬೇಕಾದ ಸ್ಥಳ ಕಿವಿಯಲ್ಲವೆ? ಆ ಕಿವಿಯ ಚಿತ್ರವನ್ನು ಮಾತ್ರ ನಮ್ಮಲ್ಲಿ ಯಾರೂ ಬರೆದಿಲ್ಲ. ಆಡುವವನ ಪಾಠ ಮುಗಿಯಿತು, ಕೇಳುವವನ ಪಾಠ ಹಾಗೆಯೇ ಉಳಿಯಿತು.

ಉಳಿದ ಆ ಪಾಠವನ್ನು ನಾನಾಗಿಯೇ ಓದುವಂತೆ ಮಾಡಿದ್ದು ನಮ್ಮ ಮನೆಯ ಒಂದು ಸಂಗತಿ. ನಮ್ಮ ತಂದೆಯವರು ಕಮ್ಮಾರರು. ಮನೆಯ ಪಕ್ಕದಲ್ಲೇ ಕುಲುಮೆ. ನೇಗಿಲ ಗುಳ, ಕುಡುಗೋಲು, ಮಚ್ಚು, ಗುದ್ದಲಿ, ಇವನ್ನು ಕಾಸಿ ಬಡಿಯುವುದು ಅವರಿಗೆ ಹನ್ನೆರಡನೆಯ ವಯಸ್ಸಿನಿಂದ ಬಂದ ಕೆಲಸ. ಹೈಸ್ಕೂಲು ಮುಗಿಯುವ ತನಕ ಗಾಳಿಚಕ್ರ ತಿರುಗಿಸಿದವಳು ನಾನೇ. ಅವರಿಗೆ ಕೆಲವು ವರ್ಷಗಳಿಂದ ಕಿವಿ ಮಂದ. ಮಂದವೆಂದರೂ ವಿಚಿತ್ರವಾದ ಮಂದ. ದೂರದ ತಿರುವಿನಲ್ಲಿ ಬರುವ ಬಸ್ಸು ನಮಗಿಂತ ಮೊದಲು ಅವರಿಗೆ ಕೇಳುತ್ತದೆ. ಎದುರಿಗೆ ನಿಂತು ಆಡಿದ ಮಾತು ಕೇಳುವುದಿಲ್ಲ. "ನಿಮ್ಮಪ್ಪಂಗೆ ಬೇಕಾದ್ದು ಕೇಳುತ್ತೆ, ಬ್ಯಾಡದ್ದು ಕೇಳಲ್ಲ" ಎಂಬುದು ನಮ್ಮವ್ವನ ತೀರ್ಪು. ಈ ತೀರ್ಪು ಸರಿಯೆ, ತಪ್ಪೆ ಎಂಬುದನ್ನು ತಿಳಿಯಲು ಹೊರಟವಳು ನಾನು. ವಿಜ್ಞಾನದ ವಿದ್ಯಾರ್ಥಿನಿಯಲ್ಲದ ನನ್ನ ಬರವಣಿಗೆಯಲ್ಲಿ ಕೊರತೆಯಿದ್ದರೆ ತಿಳಿದವರು ತಿದ್ದಬೇಕು.

ಮೊದಲು ಶಬ್ದದ ವಿಚಾರ. ಶಬ್ದವೆಂದರೆ ಕಂಪನ. ತಂಬೂರಿಯ ತಂತಿ ಅದುರಿದಾಗ ಸುತ್ತಲಿನ ಗಾಳಿ ಒತ್ತಿಕೊಂಡು, ಸಡಿಲಗೊಂಡು, ಆ ಒತ್ತು-ಸಡಿಲಗಳು ಅಲೆಯಾಗಿ ಹರಡುತ್ತವೆ. ಗಾಳಿಯಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ಕಲ್ಲಿಗೆ ಬಡಿದದ್ದು ಮೊದಲು ಕಂಡು, ಸದ್ದು ಆಮೇಲೆ ಬರುವುದನ್ನು ಹಳ್ಳಿಯ ಹುಡುಗರೆಲ್ಲ ಬಲ್ಲರು. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೆಂಬುದರ ಮೇಲೆ ಸ್ವರದ ಏರಿಳಿತ ನಿಂತಿದೆ. ಎಳೆಯ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲಿನ ಸ್ವರಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ.

ಕಿವಿಯನ್ನು ಹೊರಗಿವಿ, ನಡುಗಿವಿ, ಒಳಗಿವಿ ಎಂದು ಮೂರಾಗಿ ವಿಂಗಡಿಸುವುದು ವಾಡಿಕೆ. ನಾವು ಓಲೆ ಚುಚ್ಚಿಸಿಕೊಳ್ಳುವ, ಮೇಷ್ಟರು ಹಿಡಿದು ಹಿಂಡುತ್ತಿದ್ದ ಭಾಗ ಹೊರಗಿವಿಯ ಆಲೆ. ಅದರ ಮಡಿಕೆಗಳು ಅಲಂಕಾರಕ್ಕೆ ಇರತಕ್ಕವಲ್ಲ. ಶಬ್ದ ಮೇಲಿನಿಂದ ಬಂತೆ, ಕೆಳಗಿನಿಂದ ಬಂತೆ, ಮುಂದಿನಿಂದಲೋ ಹಿಂದಿನಿಂದಲೋ ಎಂಬುದನ್ನು ಗುರುತಿಸಲು ಅವು ನೆರವಾಗುತ್ತವೆ. ಎಡಬಲಗಳನ್ನು ತಿಳಿಸುವುದು ಎರಡು ಕಿವಿಗಳ ಸಹಕಾರ. ಬಲಗಡೆಯಿಂದ ಬಂದ ಶಬ್ದ ಬಲಗಿವಿಯನ್ನು ಮುಟ್ಟಿದ ಮೇಲೆ, ತಲೆಯನ್ನು ಸುತ್ತಿ ಎಡಗಿವಿಯನ್ನು ಮುಟ್ಟಲು ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರ ಪಾಲಿನಲ್ಲಿ ಆರೇಳು ಪಾಲಿನಷ್ಟು ತಡವಾಗುತ್ತದೆ. ಇಷ್ಟು ಸಣ್ಣ ತಡವನ್ನು ಮಿದುಳು ಲೆಕ್ಕ ಹಾಕಿ, ಕರೆದವರು ಯಾವ ಕಡೆ ಇದ್ದಾರೆಂದು ನಮ್ಮ ಕತ್ತನ್ನು ತಿರುಗಿಸುತ್ತದೆ.

ಆಲೆಯಿಂದ ಒಳಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಾಳವಿದೆ. ಅಲ್ಲಿ ಹುಟ್ಟುವ ಗುಗ್ಗೆಯನ್ನು ನಾವು ಕೊಳೆಯೆಂದು ತಿಳಿದು ಕಡ್ಡಿ, ಹೇರ್‌ಪಿನ್ನುಗಳಿಂದ ಕೆದಕುತ್ತೇವೆ. ವಾಸ್ತವವಾಗಿ ಅದು ಧೂಳು, ಹುಳುಗಳನ್ನು ತಡೆಯುವ ಕಾವಲು. ಸಾಮಾನ್ಯವಾಗಿ ತಾನಾಗಿಯೇ ಹೊರಕ್ಕೆ ಬರುತ್ತದೆ. ಈ ನಾಳದ ಇನ್ನೊಂದು ಗುಣವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಖಾಲಿ ಸೀಸೆಯ ಬಾಯಿಗೆ ಊದಿದರೆ ಅದಕ್ಕೆ ತನ್ನದೇ ಆದ ಒಂದು ಸ್ವರ ಉಂಟಷ್ಟೆ? ಹಾಗೆಯೇ ಕಿವಿಯ ನಾಳಕ್ಕೂ ಒಂದು ಸ್ವಂತ ಸ್ವರವಿದೆ. ಸೆಕೆಂಡಿಗೆ ಸುಮಾರು 3,000 ಕಂಪನಗಳ ಆಸುಪಾಸಿನ ಶಬ್ದಗಳನ್ನು ಅದು ತಾನಾಗಿ ಎತ್ತಿ ದೊಡ್ಡದು ಮಾಡಿ ಒಳಕ್ಕೆ ಕಳಿಸುತ್ತದೆ.

ನಾಳದ ಕೊನೆಯಲ್ಲಿ ಕಿವಿತಮಟೆ. ಸುಮಾರು ಒಂದು ಸೆಂಟಿಮೀಟರ್ ಅಗಲದ, ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ತೆಳುವಾದ ಪೊರೆ. ಅದರ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆಯೇ ನಡುಗಿವಿ. ಈ ಕೋಣೆಯಲ್ಲಿ ಮೂರು ಪುಟ್ಟ ಮೂಳೆಗಳು ಒಂದಕ್ಕೊಂದು ಕೀಲುಗೂಡಿ ನಿಂತಿವೆ. ಅವುಗಳ ಹೆಸರನ್ನು ಓದಿದಾಗ ನನಗೆ ನಗು ಬಂತು: ಸುತ್ತಿಗೆ, ಅಡಿಗಲ್ಲು, ರಿಕಾಪು. ಕಿವಿಯೊಳಗೂ ಒಂದು ಕುಲುಮೆ! ರಿಕಾಪೆಂದರೆ ಕುದುರೆ ಸವಾರರು ಕಾಲಿಡುವ ಬಳೆ. ಅದರ ಆಕಾರದ ಈ ಮೂಳೆ ಸುಮಾರು ಮೂರು ಮಿಲಿಮೀಟರ್ ಎತ್ತರವಿದ್ದು, ಇಡೀ ಶರೀರದಲ್ಲಿ ಇದಕ್ಕಿಂತ ಸಣ್ಣ ಮೂಳೆಯಿಲ್ಲ.

ಪುಸ್ತಕದ ಚಿತ್ರವನ್ನು ತಂದೆಯವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಸುತ್ತಿಗೆ ಸೈ. ಇದು ಯಾವ ಸೀಮೆ ಅಡಿಗಲ್ಲವ್ವಾ? ದವಡೆಹಲ್ಲು ಇದ್ದಂಗದೆ" ಎಂದರು. ಮರುದಿನ ಓದುತ್ತಿರುವಾಗ ಸಿಕ್ಕ ಸಂಗತಿ: ಈ ಮೂಳೆಯನ್ನು ಅಡಿಗಲ್ಲಿಗೆ ಮೊದಲು ಹೋಲಿಸಿದವನು 1543ರಲ್ಲಿ ಶರೀರರಚನೆಯ ಮಹಾಗ್ರಂಥವನ್ನು ಪ್ರಕಟಿಸಿದ ವೆಸೇಲಿಯಸ್. ಅವನೂ ಬೇಕಾದರೆ ದವಡೆಹಲ್ಲಿಗೆ ಹೋಲಿಸಬಹುದೆಂದು ಬರೆದಿದ್ದನಂತೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನಮ್ಮ ತಂದೆಯವರಿಗೂ ವೆಸೇಲಿಯಸನಿಗೂ ಒಂದೇ ಯೋಚನೆ ಬಂದದ್ದು ನನಗೆ ಬಹಳ ಸಂತೋಷವಾಯಿತು.

ಈ ಮೂಳೆಗಳ ಅಗತ್ಯವೇನು? ಒಳಗಿವಿಯಲ್ಲಿ ಇರುವುದು ದ್ರವ. ಗಾಳಿಯ ಅಲೆ ನೇರವಾಗಿ ದ್ರವಕ್ಕೆ ಬಡಿದರೆ ಅದರ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಒಳಕ್ಕೆ ಹೊಕ್ಕರೆ ಹೆಚ್ಚು. ಮಿಕ್ಕದ್ದೆಲ್ಲ ಹಿಂದಕ್ಕೆ ಪುಟಿಯುತ್ತದೆ. ಕೆರೆಯಲ್ಲಿ ಮುಳುಗಿರುವವನಿಗೆ ದಡದವರ ಕೂಗು ಕೇಳದಿರುವುದು ಇದರಿಂದಲೇ. ಆದುದರಿಂದ ಒತ್ತಡವನ್ನು ಹೆಚ್ಚಿಸುವ ಉಪಾಯ ಬೇಕು. ಮೊಳೆಯ ಉದಾಹರಣೆ ನೋಡಿ: ಅಗಲವಾದ ತಲೆಗೆ ಬಿದ್ದ ಪೆಟ್ಟೆಲ್ಲ ಚೂಪಾದ ತುದಿಯಲ್ಲಿ ಒಟ್ಟುಗೂಡುವುದರಿಂದ ಮೊಳೆ ಮರಕ್ಕೆ ಇಳಿಯುತ್ತದೆ. ಕಿವಿತಮಟೆಯಲ್ಲಿ ಕೆಲಸಕ್ಕೆ ಬರುವ ವಿಸ್ತಾರ ರಿಕಾಪಿನ ಪಾದದ ವಿಸ್ತಾರದ ಸುಮಾರು 17 ಪಟ್ಟು. ಸುತ್ತಿಗೆ-ಅಡಿಗಲ್ಲುಗಳು ಸನ್ನೆಗೋಲಿನಂತೆ ವರ್ತಿಸಿ ಇನ್ನೊಂದಿಷ್ಟು ಸೇರಿಸುತ್ತವೆ. ಒಟ್ಟಿನಲ್ಲಿ ಒತ್ತಡ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಏರಿ ಒಳಗಿವಿಯ ಕಿಟಕಿಯನ್ನು ತಳ್ಳುತ್ತದೆ. ನಮ್ಮ ಕುಲುಮೆಗೂ ಇದಕ್ಕೂ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಇಲ್ಲಿಯ ಸುತ್ತಿಗೆ ಅಡಿಗಲ್ಲಿನ ಮೇಲೆ ಬಡಿಯುವುದಿಲ್ಲ. ಎರಡೂ ಕೂಡಿಕೊಂಡೇ ತೂಗುತ್ತವೆ.

ನಡುಗಿವಿಯಿಂದ ಗಂಟಲಿನ ಹಿಂಭಾಗಕ್ಕೆ ಒಂದು ಕಿರುದಾರಿಯಿದೆ. ಇಟಲಿಯ ಯೂಸ್ಟೇಷಿಯನ ಹೆಸರು ಅದಕ್ಕೆ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಂಡು, ಎಂಜಲು ನುಂಗಿದೊಡನೆ ಟಪ್ಪೆಂದು ಬಿಟ್ಟುಕೊಳ್ಳುವುದು ಈ ದಾರಿಯ ಬಾಯಿ ತೆರೆದು ಒಳಹೊರಗಿನ ಒತ್ತಡ ಸಮವಾಗುವುದರಿಂದ.

ನಡುಗಿವಿಯಲ್ಲಿ ಇನ್ನೊಂದು ಏರ್ಪಾಡೂ ಉಂಟು. ಜೋರಾದ ಶಬ್ದವಾದಾಗ ಒಂದು ಪುಟ್ಟ ಸ್ನಾಯು ರಿಕಾಪನ್ನು ಬಿಗಿಹಿಡಿದು ಪೆಟ್ಟನ್ನು ತಗ್ಗಿಸುತ್ತದೆ. ಗುಡುಗು, ಗಿರಣಿಯ ಮೊರೆತ ಮುಂತಾದ ದೀರ್ಘ ಶಬ್ದಗಳಿಗೆ ಇದು ತಕ್ಕಮಟ್ಟಿನ ರಕ್ಷಣೆ. ಆದರೆ ಶಬ್ದ ಬಿದ್ದ ಮೇಲೆ ಸ್ನಾಯು ಬಿಗಿಯಲು ಒಂದಿಷ್ಟು ಕಾಲ ಬೇಕು. ಕಬ್ಬಿಣದ ಮೇಲೆ ಸುತ್ತಿಗೆಯ ಪೆಟ್ಟು ಅಷ್ಟರಲ್ಲಿ ಬಿದ್ದು ಮುಗಿದಿರುತ್ತದೆ. ಕಳ್ಳ ಹೋದ ಮೇಲೆ ಬಾಗಿಲು ಹಾಕಿದಂತೆ.

ಇನ್ನು ಒಳಗಿವಿ. ಶರೀರದ ಅತಿ ಗಟ್ಟಿಯಾದ ಮೂಳೆಗಳಲ್ಲೊಂದರ ಗರ್ಭದಲ್ಲಿ ಇದು ಅಡಗಿದೆ. ಇಲ್ಲಿರುವ ಮೂರು ಅರ್ಧವರ್ತುಲ ನಾಳಗಳು ಶರೀರದ ಸಮತೋಲಕ್ಕೆ ಸಂಬಂಧಪಟ್ಟವು. ಅವನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ಕೇಳುವ ಭಾಗ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂಮುಕ್ಕಾಲು ಸುತ್ತು ಸುರುಳಿಗೊಂಡ ಶಂಖ. ಸುರುಳಿ ಬಿಚ್ಚಿ ನೀಡಿದರೆ ಮೂರೂವರೆ ಸೆಂಟಿಮೀಟರ್ ಆದೀತು. ಅದರ ಉದ್ದಕ್ಕೂ ಒಂದು ಪೊರೆ ಹಾಸಿದೆ. ಶಂಖದ ಬಾಗಿಲಲ್ಲಿ ಈ ಪೊರೆ ಕಿರಿದು, ಬಿಗಿ; ತುದಿಗೆ ಹೋದಂತೆ ಅಗಲ, ಸಡಿಲ.

ಇಷ್ಟು ಸಣ್ಣ ಸ್ಥಳದಲ್ಲಿ ಸಾವಿರಾರು ಸ್ವರಗಳು ಬೇರೆ ಬೇರೆಯಾಗಿ ಗುರುತಾಗುವುದು ಹೇಗೆ? ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತನ್ನ ಗ್ರಂಥದಲ್ಲಿ, ಪೊರೆಯ ಎಳೆಗಳು ಪಿಯಾನೋ ತಂತಿಗಳಂತೆ ಒಂದೊಂದು ಸ್ವರಕ್ಕೆ ಒಂದೊಂದು ಮಿಡಿಯುತ್ತವೆಂದು ವಾದಿಸಿದ. ಅದನ್ನು ಕಣ್ಣಾರೆ ಪರೀಕ್ಷಿಸಿದವನು ಹಂಗೆರಿಯ ಬೇಕೆಶಿ. ಇವನು ವೈದ್ಯನಲ್ಲ, ಭೌತವಿಜ್ಞಾನಿ. ಅಂಚೆ ಇಲಾಖೆಯ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದವನು. ಟೆಲಿಫೋನು ಸುಧಾರಿಸಬೇಕಾದರೆ ಅದನ್ನು ಕೇಳುವ ಕಿವಿಯನ್ನು ಮೊದಲು ತಿಳಿಯಬೇಕೆಂದು, ಮೃತರ ಕಿವಿಯ ಶಂಖಗಳನ್ನು ಸೂಕ್ಷ್ಮವಾಗಿ ತೆರೆದು, ಬೆಳ್ಳಿಯ ಕಣಗಳನ್ನು ಉದುರಿಸಿ, ಮಿನುಗುದೀಪದ ಕೆಳಗೆ ಪೊರೆಯ ಚಲನೆಯನ್ನು ನೋಡಿದ. ಹಗ್ಗದ ಒಂದು ತುದಿಯನ್ನು ಜಾಡಿಸಿದರೆ ಅಲೆ ಓಡುವಂತೆ ಪೊರೆಯ ಮೇಲೂ ಅಲೆ ಓಡುತ್ತದೆ. ಎತ್ತರದ ಸ್ವರದ ಅಲೆ ಬಾಗಿಲ ಹತ್ತಿರವೇ ಉಬ್ಬಿ ಅಡಗುತ್ತದೆ. ತಗ್ಗಿನ ಸ್ವರದ ಅಲೆ ತುದಿಯವರೆಗೆ ಹೋಗಿ ಉಬ್ಬುತ್ತದೆ. ಯಾವ ಸ್ವರಕ್ಕೆ ಯಾವ ಸ್ಥಳ ಎಂಬುದು ಹೀಗೆ ಗೊತ್ತಾಯಿತು. 1961ರಲ್ಲಿ ಬೇಕೆಶಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ವೈದ್ಯನಲ್ಲದವನಿಗೆ ವೈದ್ಯಶಾಸ್ತ್ರದ ಪಾರಿತೋಷಕ! ಕಲಾ ವಿಭಾಗದ ನನ್ನಂಥವರಿಗೂ ಸ್ವಲ್ಪ ಧೈರ್ಯ ಬರುತ್ತದೆ.

ಪೊರೆಯ ಮೇಲೆ ರೋಮಕೋಶಗಳು ಸಾಲುಗಟ್ಟಿ ನಿಂತಿವೆ. 1851ರಲ್ಲಿ ಇವುಗಳ ನೆಲೆಯನ್ನು ವರ್ಣಿಸಿದವನು ಇಟಲಿಯ ಕೋರ್ಟಿ. ಒಳಸಾಲು ಒಂದು, ಅದರಲ್ಲಿ ಸುಮಾರು 3,500 ಕೋಶಗಳು. ಹೊರಸಾಲು ಮೂರು, ಅವುಗಳಲ್ಲಿ ಸುಮಾರು 12,000. ಒಂದು ಕಿವಿಗೆ ಇಷ್ಟೇ ಬಂಡವಾಳ. ಅಲೆ ಹಾಯ್ದಾಗ ಕೋಶದ ತಲೆಯ ಮೇಲಿನ ರೋಮಗಳು ಬಾಗುತ್ತವೆ. ಬಾಗಿದೊಡನೆ ಅತಿ ಸೂಕ್ಷ್ಮವಾದ ಬಾಗಿಲುಗಳು ತೆರೆದು, ಸುತ್ತಲಿನ ದ್ರವದಲ್ಲಿರುವ ಪೊಟ್ಯಾಸಿಯಂ ಒಳನುಗ್ಗುತ್ತದೆ. ಅದರಿಂದ ಹುಟ್ಟಿದ ವಿದ್ಯುತ್ ಸಂಜ್ಞೆಯನ್ನು ಸುಮಾರು 30,000 ಎಳೆಗಳ ಶ್ರವಣ ನರ ಮಿದುಳಿಗೆ ಒಯ್ಯುತ್ತದೆ. ಸಂಜ್ಞೆ ಕಳಿಸುವ ಕೆಲಸ ಮುಖ್ಯವಾಗಿ ಒಳಸಾಲಿನದು. ಹೊರಸಾಲಿನ ಕೋಶಗಳು ತಾವೇ ಕುಗ್ಗಿ ಹಿಗ್ಗಿ, ಮೆಲ್ಲನೆಯ ಶಬ್ದಗಳನ್ನು ಎತ್ತಿ ಒಳಸಾಲಿಗೆ ಮುಟ್ಟಿಸುತ್ತವೆ. ಇವು ಕುಣಿಯುವಾಗ ಕಿವಿಯೇ ಅತಿ ಕ್ಷೀಣವಾದ ಸದ್ದನ್ನು ಹೊರಕ್ಕೆ ಬಿಡುತ್ತದೆಂದು 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ತೋರಿಸಿಕೊಟ್ಟರು. ಇಂದು ಹುಟ್ಟಿದ ಕೂಸಿಗೆ ಕಿವಿ ಕೇಳುತ್ತದೆಯೆ ಎಂದು ಪರೀಕ್ಷಿಸುವುದು ಈ ಸದ್ದನ್ನು ಹಿಡಿದೇ.

ಮಿದುಳಿನ ವ್ಯಾಪಾರವನ್ನು ಬರೆಯುವಷ್ಟು ನಾನು ಓದಿಲ್ಲ. ಸಂತೆಯ ಗದ್ದಲದ ನಡುವೆ ನಮ್ಮ ಹೆಸರು ಮಾತ್ರ ಥಟ್ಟನೆ ಕೇಳುವುದು ಅದರ ಚಮತ್ಕಾರವೆಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಕಿವುಡು ಮುಖ್ಯವಾಗಿ ಎರಡು ಬಗೆ. ಗುಗ್ಗೆ ಗಟ್ಟಿಯಾಗುವುದು, ತಮಟೆ ತೂತಾಗುವುದು, ಕೀವು ಸೋರುವುದು, ರಿಕಾಪು ಜಡವಾಗುವುದು, ಇವು ಶಬ್ದದ ದಾರಿ ಕಟ್ಟುವ ಬಗೆ, ಬಹುಮಟ್ಟಿಗೆ ಚಿಕಿತ್ಸೆಯುಂಟು. ರೋಮಕೋಶಗಳೋ ನರವೋ ಕೆಡುವುದು ಎರಡನೆಯ ಬಗೆ. ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಗೆ ತಂದೆಯವರನ್ನು ಕರೆದುಕೊಂಡು ಹೋದಾಗ ವೈದ್ಯರು ಶ್ರುತಿಕವೆಯನ್ನು ಮಿಡಿದು ಕಿವಿಯ ಮುಂದೆ ಹಿಡಿದರು, ಬಳಿಕ ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ದಾರಿ ಕಟ್ಟಿದ್ದರೆ ಮೂಳೆಯ ಮೂಲಕ ಬಂದದ್ದೇ ಚೆನ್ನಾಗಿ ಕೇಳಬೇಕು. ಇವರಿಗೆ ಮುಂದೆ ಹಿಡಿದದ್ದೇ ಚೆನ್ನಾಗಿ ಕೇಳಿತು. "ನೋಡ್ದಾ? ನನ್ ಕಿವಿ ನೆಟ್ಟಗದೆ" ಎಂದು ನನ್ನ ಕಡೆ ತಿರುಗಿ ಜಯ ಸಾರಿದರು. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಯಂತ್ರದಿಂದ ಒಂದೊಂದೇ ಸ್ವರ ಕೇಳಿಸಿದರು. ತಗ್ಗಿನ ಸ್ವರಗಳಲ್ಲಿ ಗೆರೆ ನೆಟ್ಟಗೇ ಬಂದು, ಮೇಲಿನ ಸ್ವರಗಳಲ್ಲಿ ಇಳಿಯತೊಡಗಿ, 4,000 ಕಂಪನಗಳ ಹತ್ತಿರ ಬಾವಿಗೆ ಬಿದ್ದಂತೆ ಕೆಳಕ್ಕೆ ಹೋಯಿತು. ಆ ಬಾವಿಯನ್ನು ಕಂಡೊಡನೆ ವೈದ್ಯರು, "ಯಜಮಾನ್ರೆ, ತಾವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು.

ಈ ಬಾವಿ ಗದ್ದಲದ ಕೆಲಸದವರ ಗುರುತು. ಕಿವಿಯ ನಾಳ 3,000ದ ಆಸುಪಾಸನ್ನು ಎತ್ತಿ ಒಳಕ್ಕೆ ಕಳಿಸುತ್ತದೆಂದೆನಲ್ಲವೆ? ಹಾನಿ ಅದಕ್ಕಿಂತ ತುಸು ಮೇಲಿನ ಸ್ವರಗಳ ಸ್ಥಳದಲ್ಲಿ ಮೊದಲು ಆಗುತ್ತದೆ. ಗದ್ದಲವನ್ನು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿದರೆ ಶಕ್ತಿ ಹತ್ತು ಪಟ್ಟು. ಅಮೆರಿಕದ ವೃತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ದಿನಕ್ಕೆ ಎಂಟು ಗಂಟೆ ಸಹ್ಯ. ಪ್ರತಿ ಮೂರು ಡೆಸಿಬೆಲ್ಲಿಗೆ ಕಾಲ ಅರ್ಧವಾಗಬೇಕು. ಆ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಕಾಲು ಗಂಟೆ. ಅಡಿಗಲ್ಲಿನ ಮೇಲಿನ ಪೆಟ್ಟು ನೂರನ್ನು ದಾಟುವುದುಂಟು. ಇದು ಹೊಸ ಶೋಧವೂ ಅಲ್ಲ. ವೆನಿಸ್ ನಗರದಲ್ಲಿ ತಾಮ್ರ ಬಡಿಯುವವರು ಕಿವುಡರಾಗುವುದನ್ನು ಇಟಲಿಯ ವೈದ್ಯ ರಾಮಾಜ್ಜಿನಿ ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಬರೆದ. 1886ರಲ್ಲಿ ಗ್ಲಾಸ್ಗೋ ನಗರದ ಥಾಮಸ್ ಬಾರ್ ಬಾಯ್ಲರ್ ತಯಾರಿಸುವ ಕೆಲಸಗಾರರ ಕಿವಿಗಳನ್ನೂ ಅಂಚೆ ಹಂಚುವವರ ಕಿವಿಗಳನ್ನೂ ಹೋಲಿಸಿ ಅದನ್ನೇ ಸ್ಥಿರಪಡಿಸಿದ. ನಮ್ಮ 1948ರ ಕಾರ್ಖಾನೆ ಕಾನೂನಿನ ರೋಗಗಳ ಪಟ್ಟಿಗೂ ಗದ್ದಲದ ಕಿವುಡು ಸೇರಿತ್ತು. ಆದರೆ ಅಪ್ಪ, ಮಗ ಇಬ್ಬರೇ ಬಡಿಯುವ ಕುಲುಮೆಯನ್ನು ಕಾರ್ಖಾನೆಯೆಂದು ಯಾವ ಕಾನೂನು ಎಣಿಸೀತು?

ಇನ್ನು ಧ್ವನಿವಿಜ್ಞಾನದ ಪಾಠ ನೆನಪಿಗೆ ಬರಬೇಕು. ಅ, ಆ, ಉ, ಊ ಮುಂತಾದ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಕಂಪನಗಳಲ್ಲಿದೆ. ಸ, ಶ, ಚ, ತ ಮೊದಲಾದ ವ್ಯಂಜನಗಳ ಗುರುತಿರುವುದು ಮೇಲಿನ ಕಂಪನಗಳಲ್ಲಿ. ಅವು ಮೆಲ್ಲನೆಯವೂ ಹೌದು. ಮೇಲಿನ ಭಾಗ ಅಳಿಸಿಹೋದ ಕಿವಿಗೆ ಮಾತು ಕೇಳುತ್ತದೆ, ಯಾವ ಮಾತೆಂದು ತಿಳಿಯುವುದಿಲ್ಲ. ಸಂತೆಯಿಂದ ಸೊಪ್ಪು ತನ್ನಿರೆಂದರೆ ತಂದೆಯವರು ಎರಡು ಕಿಲೋ ಉಪ್ಪು ತಂದದ್ದು ನಮ್ಮ ಬೀದಿಯಲ್ಲೆಲ್ಲ ನಗೆಯಾಗಿತ್ತು. ಬಸ್ಸಿನ ಮೊರೆತ ತಗ್ಗಿನ ಸ್ವರ. ಅದು ಕೇಳಿದರೆ ಆಶ್ಚರ್ಯವಿಲ್ಲ. ಕಿರುಚಿ ಹೇಳಿದರೆ "ಯಾಕಂಗೆ ಕೂಗ್ತೀಯ, ನಾನೇನು ಕಿವುಡನಾ?" ಎಂದು ಸಿಡಿಮಿಡಿಗೊಳ್ಳುವುದಕ್ಕೂ ಕಾರಣವುಂಟು. ಹೊರಸಾಲಿನ ಕೋಶಗಳು ಸತ್ತರೆ ಮೆಲ್ಲನೆಯದು ಕೇಳದು, ಜೋರಾದದ್ದು ಮಾತ್ರ ನಮಗೆಷ್ಟೋ ಅಷ್ಟೇ ಜೋರಾಗಿ ಕೇಳುತ್ತದೆ.

ಗಂಡಸರ ಧ್ವನಿಗಿಂತ ಹೆಂಗಸರ, ಮಕ್ಕಳ ಧ್ವನಿ ಎತ್ತರದ್ದು, ಸಾಮಾನ್ಯವಾಗಿ ಮೆಲ್ಲನೆಯದು. ಇಂಥ ಕಿವಿಗೆ ಮೊದಲು ತಪ್ಪುವುದು ಅದೇ. ಇದನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟೆ. ಪಿ.ಯು.ಸಿ. ಮುಗಿದಾಗ, ಬಿ.ಎ.ಗೆ ಕಳಿಸುತ್ತೀರಾ ಎಂದು ಕುಲುಮೆಯ ಬಾಗಿಲಲ್ಲಿ ನಿಂತು ತಂದೆಯವರನ್ನು ಕೇಳಿದ್ದೆ. ಅವರು ತಲೆ ಎತ್ತಲಿಲ್ಲ, ಬಡಿಯುತ್ತಲೇ ಇದ್ದರು. ಒಂದು ವಾರ ನಾನು ಅತ್ತೆ. ಕೊನೆಗೆ ಅಣ್ಣ ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದ. "ಓದ್ಲಿ, ಯಾರು ಬ್ಯಾಡ ಅಂದೋರು? ಅವಳು ನನ್ನ ಕೇಳ್ಲೇ ಇಲ್ವಲ್ಲ" ಎಂದರು. ಮಗನ ಮಾತಾದರೆ ಕೇಳುತ್ತಾರೆ, ಮಗಳ ಮಾತಾದರೆ ಇಲ್ಲ ಎಂದು ಎರಡು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಸತ್ತ ರೋಮಕೋಶಗಳು ಕೋಳಿ ಮುಂತಾದ ಹಕ್ಕಿಗಳಲ್ಲಿ ಮತ್ತೆ ಹುಟ್ಟುವುದನ್ನು 1980ರ ದಶಕದಲ್ಲಿ ಕಂಡುಕೊಂಡರು. ಮನುಷ್ಯರ ಕಿವಿಯಲ್ಲಿ ಹುಟ್ಟವು. ಪೇಟೆಯ ಅಂಗಡಿಯೊಂದರಲ್ಲಿ ಪರೀಕ್ಷೆಯಿಲ್ಲದೆ ಕೊಂಡ ಶ್ರವಣಯಂತ್ರ ಎಲ್ಲ ಸ್ವರಗಳನ್ನೂ ಒಂದೇ ಸಮನೆ ಏರಿಸಿ, ತಂದೆಯವರು ತಲೆ ಹಿಡಿದುಕೊಂಡು ಕೂರುವಂತೆ ಮಾಡಿತು. ಈಗ ಅದು ಟ್ರಂಕಿನಲ್ಲಿದೆ. ಗೆರೆಯನ್ನು ನೋಡಿ, ಬಾವಿಯಿರುವಲ್ಲಿ ಮಾತ್ರ ಏರಿಸುವ ಯಂತ್ರಗಳುಂಟು. ಅವಕ್ಕೂ ಕಿವಿ ಹೊಂದಿಕೊಳ್ಳಲು ಕೆಲವು ವಾರಗಳು ಬೇಕು. ಈ ರಜೆಯಲ್ಲಿ ಅವರನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಲ್ಲಿಯವರೆಗೆ ಬೆಳಕಿಗೆ ಮುಖ ಕೊಟ್ಟು, ಅವರ ಎದುರಿಗೆ ನಿಂತು, ಧ್ವನಿಯನ್ನು ತಗ್ಗಿಸಿ ನಿಧಾನವಾಗಿ ಮಾತನಾಡುತ್ತೇನೆ. ತುಟಿ ಕಂಡರೆ ಅರ್ಧ ವ್ಯಂಜನ ಕಣ್ಣಿಗೇ ಸಿಗುತ್ತದೆ.

ವೈದ್ಯರು ಕೊಟ್ಟ ಕಿವಿಬಿರಡೆಗಳನ್ನು ತಂದೆಯವರು ಹಾಕಿಕೊಳ್ಳಲೊಲ್ಲರು. "ಕಬ್ಬಿಣದ ದನಿ ಕೇಳ್ದೆ ಹದ ಹೆಂಗವ್ವಾ ಗೊತ್ತಾಗ್ತದೆ?" ಎನ್ನುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಣ್ಣ ಮಾತ್ರ ಗ್ರೈಂಡರ್ ಹಿಡಿಯುವಾಗ ಈಗ ಅವನ್ನು ಹಾಕಿಕೊಳ್ಳುತ್ತಾನೆ.